ಕ್ಯಾಸೆಟ್ ನನ್ನದು, ಒಳಗಿರೋದು ನನ್ನದಲ್ಲ

ನಮ್ಮ ಕಡೆ ಪ್ರೊಡ್ಯೂಸರ್ ಅಂದರೆ ದುಡ್ಡಿರುವವನು ಅಂತ ಲೆಕ್ಕ. ಮಡಿಕೇರಿಯಲ್ಲಿ ಯಾರದಾದರೂ ಮದುವೆಗೆ ಹೋದಾಗ "ಇವರು ಪಿಕ್ಚರ್ ಪ್ರೊಡ್ಯೂಸರ್" ಅಂತ ಪರಿಚಯ ಮಾಡಿಸಿದರೆ ಸಾಕು, ಎದುರಿಗಿದ್ದವರ ಕಣ್ಣು ನಾನು ಯಾವ ಕಾರಿನಲ್ಲಿ ಬಂದೆ ಅಂತ ಹುಡುಕುತ್ತದೆ. ನಾನು ಹೋಗುವುದು ಬಸ್ಸಿನಲ್ಲಿ. ಅದು ಗೊತ್ತಾದ ಮೇಲೆ ಅವರ ಮುಖ ನೋಡಬೇಕು.

ದುಡ್ಡಿರುವ ಪ್ರೊಡ್ಯೂಸರ್‌ಗಳು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಸೈಟು ಮಾರಿ ಬಂದವರು, ಬಾರ್ ನಡೆಸಿ ಬಂದವರು. ನಮ್ಮ ಜಿಲ್ಲೆಯಲ್ಲೇ ಕಾಳುಮೆಣಸಿಗೆ ಒಳ್ಳೆ ರೇಟು ಸಿಕ್ಕ ವರ್ಷ ಸಿನಿಮಾ ಮಾಡಲು ಹೊರಟವರನ್ನು ಕಂಡಿದ್ದೇನೆ. ಒಂದು ಸಿನಿಮಾ ಮಾಡುತ್ತಾರೆ, ಪೋಸ್ಟರ್ ಮೇಲೆ ಹೆಸರು ನೋಡುತ್ತಾರೆ, ಆಮೇಲೆ ತೋಟಕ್ಕೆ ವಾಪಸ್ಸು. ಅವರ ಬಗ್ಗೆ ನನಗೆ ಬೇಸರವಿಲ್ಲ, ಎಷ್ಟೋ ಜನ ಲೈಟ್‌ಬಾಯ್‌ಗಳ ಮನೆ ನಡೆದದ್ದು ಅವರಿಂದಲೇ. ಆದರೆ ಇದನ್ನೇ ಬದುಕು ಮಾಡಿಕೊಂಡವರ ಕಥೆ ಬೇರೆ. ಸ್ವಂತ ದುಡ್ಡಿಲ್ಲದೆ, ಸ್ಟುಡಿಯೋ ಇಲ್ಲದೆ, ಒಂದು ಚಾನೆಲ್ಲಿನ ಸಂಬಳವೂ ಇಲ್ಲದೆ, ಬೇರೆಯವರ ಕಥೆ ಬೇರೆಯವರ ಹಣ ಎರಡನ್ನೂ ಒಂದೇ ಟೇಬಲ್ಲಿಗೆ ತಂದು ಕೂರಿಸಿ, ನಡುವೆ ಬರುವ ಎಲ್ಲ ಬೈಗುಳಕ್ಕೂ ತಲೆ ಕೊಡುವ ಕೆಲಸ ಅದು. ಸ್ವತಂತ್ರ ನಿರ್ಮಾಪಕ ಅಂತ ವಿಸಿಟಿಂಗ್ ಕಾರ್ಡ್‌ನಲ್ಲಿ ಹಾಕಿಸಿಕೊಂಡಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ಹಿಂಬಾಗಿಲಿನಿಂದ. ತೊಂಬತ್ತರ ದಶಕದ ಶುರುವಿನಲ್ಲಿ ಬೆಂಗಳೂರಿನಿಂದ ಶೂಟಿಂಗ್ ಯೂನಿಟ್‌ಗಳು ಬಂದಾಗ ಅವರಿಗೆ ಊರು ಗೊತ್ತಿರುವ ಒಬ್ಬ ಹುಡುಗ ಬೇಕಾಗಿದ್ದ. ಆ ಹುಡುಗ ನಾನು. ಯಾವ ತೋಟದ ಯಜಮಾನರು ಗೇಟು ತೆಗೆಯುತ್ತಾರೆ, ಯಾರು ಬಂದೂಕು ತೆಗೆಯುತ್ತಾರೆ, ಸಂಜೆ ಆರರ ಮೇಲೆ ಯಾವ ರಸ್ತೆಗೆ ಆನೆ ಇಳಿಯುತ್ತದೆ, ಜನರೇಟರ್ ಲಾರಿ ಯಾವ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಬೆಳಗಿನ ಜಾವ ಐದಕ್ಕೆ ಅಷ್ಟು ಜನಕ್ಕೆ ಉಪ್ಪಿಟ್ಟು ಮಾಡಿಕೊಡುವವರು ಗೋಣಿಕೊಪ್ಪಲಿನಲ್ಲಿ ಯಾರು, ಇವೆಲ್ಲ ನನಗೆ ಗೊತ್ತಿತ್ತು. ಈಗ ಇದಕ್ಕೆ ಲೈನ್ ಪ್ರೊಡ್ಯೂಸರ್ ಅಂತ ಹೆಸರಿದೆ. ಆಗ "ಏ ಮಡಿಕೇರಿ" ಅಂತ ಕರೆಯುತ್ತಿದ್ದರು.

ಅದೇ ನನ್ನ ಕಾಲೇಜು. ಕ್ಯಾಮೆರಾದೊಳಗೆ 400 ಅಡಿ ರೀಲು ಹಾಕಿದರೆ ಓಡುವುದು ನಾಲ್ಕು ನಿಮಿಷ ಚಿಲ್ಲರೆ. ಆ 35 ಎಂಎಂ ನೆಗೆಟಿವ್ ಓಡುವ ಸರ್ ಅನ್ನುವ ಸದ್ದು ಕೇಳಿದರೆ ಪ್ರೊಡಕ್ಷನ್ ಮ್ಯಾನೇಜರ್ ಮುಖ ಕಿವುಚುತ್ತಿದ್ದರು, ಯಾಕೆಂದರೆ ಅವರಿಗೆ ಕೇಳುತ್ತಿದ್ದದ್ದು ದುಡ್ಡಿನ ಸದ್ದು. ಬಜೆಟ್ ಅನ್ನುವುದು ಸ್ಟಾರ್ ಸಂಭಾವನೆಯಲ್ಲಿ ಇರುತ್ತದೆ ಅಂತ ಹೊರಗಿನವರು ತಿಳಿದಿರುತ್ತಾರೆ. ಸಂಭಾವನೆ ಒಂದು ಸಲ ಮಾತಾಡಿದರೆ ಮುಗಿಯಿತು, ಅದು ಬೆಳೆಯುವುದಿಲ್ಲ. ಬೆಳೆಯುವುದು ಅಕ್ಕಿ, ಡೀಸೆಲ್, ಬಾಟಾ (ಅಂದರೆ ದಿನದ ಭತ್ಯೆ) ಮತ್ತು ರೂಮು. ಒಂದು ದಿನ ಮಂಜು ಕವಿದು ಶೂಟಿಂಗ್ ನಿಂತರೆ ಈ ನಾಲ್ಕೂ ನಿಲ್ಲುವುದಿಲ್ಲ.

ಮಳೆಯ ಕಥೆ ಹೇಳಲೇಬೇಕು. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಂತು, ಆ ಕಥೆ ನಡೆಯುವುದು ಕೊಡಗಿನಲ್ಲಿ. ಆಮೇಲೆ ಎಲ್ಲರಿಗೂ ನಮ್ಮ ಮಳೆ ಬೇಕು. ಭಾಗಮಂಡಲದ ಕಡೆ ಜುಲೈನಲ್ಲಿ ಬರುವ ಮಳೆಯನ್ನು ಕಂಡವರು ಯಾರೂ ಅದನ್ನು ಬೇಕು ಅಂತ ಕೇಳುವುದಿಲ್ಲ, ಆದರೆ ನಿರ್ದೇಶಕರು ಕೇಳುತ್ತಾರೆ. ಸಮಸ್ಯೆ ಏನೆಂದರೆ ನಿಜವಾದ ಮಳೆ ಕ್ಯಾಮೆರಾಗೆ ಸರಿಯಾಗಿ ಕಾಣುವುದಿಲ್ಲ. ಹನಿ ಹಿಂದಿನಿಂದ ಬೆಳಕು ಬೀಳಬೇಕು, ಹನಿ ದಪ್ಪ ಇರಬೇಕು, ಕಟ್ ಅಂದಾಗ ನಿಲ್ಲಬೇಕು, ಮತ್ತೆ ಆಕ್ಷನ್ ಅಂದಾಗ ಅದೇ ರಭಸದಲ್ಲಿ ಬರಬೇಕು. ನಮ್ಮ ಮಳೆ ಇದ್ಯಾವುದನ್ನೂ ಕೇಳುವುದಿಲ್ಲ. ಹಾಗಾಗಿ ಸೋನೆ ಹನಿಯುತ್ತಿರುವಾಗಲೇ ಕುಶಾಲನಗರದಿಂದ ನೀರಿನ ಟ್ಯಾಂಕರ್ ತರಿಸಿ, ರೇನ್ ಮಷೀನ್ ಬಾಡಿಗೆ ಕೊಟ್ಟು, ಮಳೆಯೊಳಗೆ ಮಳೆ ಸುರಿಸಿದ್ದೇವೆ. ನಮ್ಮ ಮನೆಯಲ್ಲಿ ಇದನ್ನು ಹೇಳಿದಾಗ ಅಜ್ಜಿ ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಬರೆಯುವ ಹಾಗಿಲ್ಲ.

ಲೊಕೇಶನ್ ಕೆಲಸದಲ್ಲಿ ಕೈಗೆ ದುಡ್ಡು ಬರುತ್ತಿತ್ತು. ಆದರೆ ಯೂನಿಟ್ ಬಸ್ಸು ಹೊರಟ ಮೇಲೆ ನಮ್ಮ ಬಳಿ ಏನೂ ಉಳಿಯುತ್ತಿರಲಿಲ್ಲ. ಆ ಸಿನಿಮಾ ಓಡಿದರೂ ಮುಗ್ಗರಿಸಿದರೂ ನಮಗೆ ಒಂದೇ. ಅದಕ್ಕೇ ನಾನು ಸ್ವಂತ ಕಾರ್ಯಕ್ರಮ ಮಾಡಬೇಕು ಅಂತ ಹೊರಟದ್ದು, ಮತ್ತು ಅದಕ್ಕೆ ಆಗ ಇದ್ದ ದಾರಿ ದೂರದರ್ಶನ.

ಇವತ್ತಿನ ಹುಡುಗರಿಗೆ ಆ ವ್ಯವಸ್ಥೆ ಹೇಳಿದರೆ ನಂಬುವುದಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್‌ನಲ್ಲಿ. 1984ರಲ್ಲಿ ‘ಹಮ್ ಲೋಗ್’ ಬಂದ ಮೇಲೆ ದೇಶದಲ್ಲಿ ಸ್ಪಾನ್ಸರ್ಡ್ ಧಾರಾವಾಹಿಗಳ ಕಾಲ ಬಂತು. ಅದರ ಲೆಕ್ಕ ಹೀಗೆ: ನಿರ್ಮಾಪಕ ತನ್ನ ಖರ್ಚಿನಲ್ಲಿ ಕಾರ್ಯಕ್ರಮ ಮಾಡಬೇಕು. ಪ್ರಸಾರ ಮಾಡಿದ್ದಕ್ಕೆ ದೂರದರ್ಶನಕ್ಕೆ ಅವನೇ ಫೀ ಕಟ್ಟಬೇಕು. ಅದಕ್ಕೆ ಬದಲಾಗಿ ಜಾಹೀರಾತು ಹಾಕಲು ಅವನಿಗೆ ಇಷ್ಟು ಸೆಕೆಂಡು ಅಂತ ಕೊಡುತ್ತಾರೆ. ಆ ಸೆಕೆಂಡುಗಳನ್ನು ಮಾರಿಕೊಂಡು ಅವನು ಬದುಕಬೇಕು. ಸೋಪಿನವರು, ಪಂಪ್‌ಸೆಟ್ಟಿನವರು, ಗೊಬ್ಬರದವರು, ಎಲ್ಲರ ಆಫೀಸಿನ ಸೋಫಾ ಮೇಲೂ ಕೂತಿದ್ದೇನೆ. ಮಂಜೂರಾತಿ ಬರುತ್ತಿದ್ದದ್ದು 13 ಕಂತಿನ ಲೆಕ್ಕದಲ್ಲಿ. 13 ಮುಗಿಯುವಾಗ ಮತ್ತೆ ಮೊದಲಿನಿಂದ ಓಡಾಟ.

ಹಿಂಸೆಯ ವ್ಯವಸ್ಥೆಯೇ ಅದು. ಆದರೆ ಅದರಲ್ಲಿ ಒಂದು ಒಳ್ಳೆಯ ಅಂಶ ಇತ್ತು, ನಮಗೆ ಆಗ ಅದರ ಬೆಲೆ ಅಷ್ಟಾಗಿ ಕಾಣುತ್ತಿರಲಿಲ್ಲ. ಸ್ಪಾನ್ಸರ್ಡ್ ಕಾರ್ಯಕ್ರಮದ ಹಕ್ಕು ನಿರ್ಮಾಪಕನ ಬಳಿಯೇ ಉಳಿಯುತ್ತಿತ್ತು. ಪ್ರಸಾರ ಆದ ಮೇಲೂ ಟೇಪು ಅವನದು, ಟೇಪಿನೊಳಗಿನದೂ ಅವನದು. ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಎಲ್ಲರಿಗೂ ಗೊತ್ತು, ಆಗುಂಬೆಯೂ ಗೊತ್ತು. ಅದನ್ನು ನಿರ್ಮಿಸಿದವರು ಟಿ.ಎಸ್. ನರಸಿಂಹನ್ ಅಂತ ಎಷ್ಟು ಜನ ಥಟ್ಟಂತ ಹೇಳುತ್ತಾರೆ? ನಿರ್ಮಾಪಕನ ಹೆಸರು ಮರೆತುಹೋಗುವುದು ಈ ಕೆಲಸದ ಷರತ್ತುಗಳಲ್ಲೇ ಸೇರಿದೆ ಅಂತ ಕಾಣುತ್ತದೆ. ಹೆಸರು ಹೋಗಲಿ, ಹಕ್ಕು ಇದ್ದರೆ ಸಾಕು.

ಆಮೇಲೆ ಸ್ಯಾಟಲೈಟ್ ಚಾನೆಲ್‌ಗಳು ಬಂದವು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ. ನಮಗೆಲ್ಲ ಖುಷಿಯೋ ಖುಷಿ. ಇನ್ನು ಮೇಲೆ ಸೆಕೆಂಡು ಮಾರಲು ಅಲೆಯಬೇಕಿಲ್ಲ, ಚಾನೆಲ್ಲಿನವರೇ ಕಂತಿಗೆ ಇಷ್ಟು ಅಂತ ಕೊಡುತ್ತಾರೆ. ಬಿಲ್ ಹಾಕಿದರೆ ಆಯಿತು. ಅದರ ಜೊತೆಗೆ ಒಂದು ಅಗ್ರಿಮೆಂಟು ಬರುತ್ತಿತ್ತು, ದಪ್ಪ, ಇಂಗ್ಲಿಷಿನಲ್ಲಿ. ಅದರ ಪ್ರಕಾರ ಮಾಡಿದ್ದೆಲ್ಲ ಚಾನೆಲ್ಲಿನದು. ಈಗ ಇರುವ ಮಾಧ್ಯಮ, ಮುಂದೆ ಕಂಡುಹಿಡಿಯುವ ಮಾಧ್ಯಮ, ಶಾಶ್ವತವಾಗಿ, ಇಡೀ ಬ್ರಹ್ಮಾಂಡದಲ್ಲಿ. ತಮಾಷೆಗೆ ಹೇಳುತ್ತಿಲ್ಲ, ಬ್ರಹ್ಮಾಂಡ ಅಂತಲೇ ಬರೆದಿರುತ್ತಾರೆ. ಮಂಗಳ ಗ್ರಹದಲ್ಲಿ ಯಾರಾದರೂ ನನ್ನ ಕಾರ್ಯಕ್ರಮ ನೋಡಿದರೂ ನನಗೆ ಬಿಡಿಗಾಸು ಬರುವುದಿಲ್ಲ. ಹೂ ಬಿಡುವ ಮೊದಲೇ ತೋಟವನ್ನು ಗಿಡದ ಸಮೇತ ಗುತ್ತಿಗೆಗೆ ಬರೆದುಕೊಟ್ಟ ಹಾಗೆ, ಮತ್ತು ಆ ಗುತ್ತಿಗೆಗೆ ಕೊನೆಯ ತಾರೀಖೇ ಇಲ್ಲ.

ಕಾನೂನು ಏನು ಹೇಳುತ್ತದೆ ಅಂತ ನಾನು ಓದಿದ್ದು ತುಂಬಾ ತಡವಾಗಿ, ಒಬ್ಬ ವಕೀಲ ಸ್ನೇಹಿತರ ಮನೆಯಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಲ್ಲಿ ಒಂದು ಸಿನಿಮಾದ ಕರ್ತೃ ಅಂದರೆ ಅದರ ನಿರ್ಮಾಪಕ. ನಿರ್ದೇಶಕ ಅಲ್ಲ. (ನಿರ್ದೇಶಕ ಮಿತ್ರರು ಇದನ್ನು ಕೇಳಿ ಉರಿದುಬೀಳುತ್ತಾರೆ, ಅವರ ಸಿಟ್ಟಿನಲ್ಲಿ ನ್ಯಾಯ ಇದೆ.) ಪ್ರಕಟವಾದ ಮೇಲೆ 60 ವರ್ಷ ಆ ಹಕ್ಕು ಇರುತ್ತದೆ. ಇನ್ನೂ ಒಂದು ವಿಷಯ ಇದೆ. ಹಕ್ಕನ್ನು ಬರೆದುಕೊಡುವಾಗ ಎಷ್ಟು ಕಾಲಕ್ಕೆ ಅಂತ ಹೇಳದೆ ಹೋದರೆ ಅದು 5 ವರ್ಷಕ್ಕೆ ಅಂತಲೇ ಲೆಕ್ಕ. ಎಲ್ಲಿಗೆ ಅಂತ ಹೇಳದಿದ್ದರೆ ಭಾರತಕ್ಕೆ ಮಾತ್ರ. ಅಂದರೆ ಕಾನೂನು ನಿರ್ಮಾಪಕನ ಪರವಾಗಿಯೇ ಬಾಗಿದೆ. ಆ ಶಾಶ್ವತ, ಆ ಬ್ರಹ್ಮಾಂಡ ಎರಡೂ ಅಗ್ರಿಮೆಂಟಿನಲ್ಲಿ ಯಾಕೆ ಇರುತ್ತವೆ ಅಂತ ಆಗ ಅರ್ಥವಾಯಿತು. ಯಾರೋ ಬುದ್ಧಿವಂತರು ಕಾಯ್ದೆ ಓದಿಯೇ ಬರೆದಿದ್ದಾರೆ.

ಸಹಿ ಹಾಕಬೇಡಿ ಅನ್ನುವುದು ಸುಲಭ. ಹಾಕದಿದ್ದರೆ ಕೆಲಸ ಇಲ್ಲ, ಅಷ್ಟೇ. ಕೆಲಸ ಸಿಕ್ಕಿದವರ ಪಾಡನ್ನೂ ನೋಡಿ. ಒಂದು ದಿನಪ್ರತಿ ಧಾರಾವಾಹಿ ಅಂತ ಇಟ್ಟುಕೊಳ್ಳೋಣ. ಸುಮ್ನೆ ಲೆಕ್ಕಕ್ಕೆ ಕಂತಿಗೆ 1 ಲಕ್ಷ ಖರ್ಚು ಅನ್ನೋಣ. ತಿಂಗಳಿಗೆ 26 ಕಂತು, 26 ಲಕ್ಷ. ಚಾನೆಲ್ಲಿನ ಹಣ ಕೈಗೆ ಬರುವುದಕ್ಕೆ ಮೂರು ತಿಂಗಳು ಹಿಡಿದರೆ 78 ಲಕ್ಷ ನಿರ್ಮಾಪಕನ ತಲೆಯ ಮೇಲೆ ತೂಗುತ್ತಿರುತ್ತದೆ. ಕಲಾವಿದರು, ತಂತ್ರಜ್ಞರು, ಊಟದವರು ಯಾರೂ ಮೂರು ತಿಂಗಳು ಕಾಯುವುದಿಲ್ಲ, ಕಾಯಲೂ ಬಾರದು. ಹಾಗಾದರೆ ಫೈನಾನ್ಸ್. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ ಅಂದರೂ ತಿಂಗಳಿಗೆ 2 ಲಕ್ಷ 34 ಸಾವಿರ. ಲಾಭ ಅಂತ ಇಟ್ಟುಕೊಂಡದ್ದು ಅಲ್ಲಿಗೇ ಹೋಗುತ್ತದೆ. ಗುರುವಾರ ರೇಟಿಂಗ್ ಬರುತ್ತದೆ. ಒಂದೆರಡು ಗುರುವಾರ ಕೆಟ್ಟರೆ ಕಥೆ ತಿರುಗುತ್ತದೆ, ನಾಲ್ಕು ಕೆಟ್ಟರೆ ಸ್ಲಾಟೇ ಹೋಗುತ್ತದೆ, ಸೆಟ್ಟಿನ ಮುಂಗಡ ಬಾಡಿಗೆ ಮಾತ್ರ ವಾಪಸ್ಸು ಬರುವುದಿಲ್ಲ. ಲಾಭ ಮಾಡಿದವರು ಇಲ್ಲ ಅಂತಲ್ಲ. ಒಂದೇ ಸಮಯಕ್ಕೆ ಎರಡು ಮೂರು ಧಾರಾವಾಹಿ ಓಡಿಸುವ ತಾಕತ್ತಿದ್ದವರು ಉಳಿದರು. ನನಗೆ ಆ ತಾಕತ್ತೂ ಇರಲಿಲ್ಲ, ನಿಜ ಹೇಳಬೇಕೆಂದರೆ ಆಸೆಯೂ ಇರಲಿಲ್ಲ.

ಕೊಡಗಿನಲ್ಲಿ ಕೂತು ಧಾರಾವಾಹಿ ಮಾಡಬಹುದಲ್ವಾ ಅಂತ ಕೇಳುವವರಿದ್ದಾರೆ. ಬೆಂಗಳೂರಿನಿಂದ ಮಡಿಕೇರಿ ಸುಮಾರು 250 ಕಿಲೋಮೀಟರು. ಅಷ್ಟು ದೂರ ಕಲಾವಿದರನ್ನು ಕರೆತಂದು ಉಳಿಸಿದರೆ ಕಂತಿನ ಲೆಕ್ಕ ಎಕ್ಕುಟ್ಟಿ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಾಂಗಣವೇ ಇಲ್ಲ. ಅದಕ್ಕೇ ಧಾರಾವಾಹಿಗಳಲ್ಲಿ ಕೊಡಗು ಬರುವುದು ಹನಿಮೂನ್ ಕಂತಿನಲ್ಲಿ ಮಾತ್ರ. ರಾಜಾಸೀಟು, ಅಬ್ಬಿ ಜಲಪಾತ, ಒಂದು ಅಪಹರಣ, ವಾಪಸ್ಸು ಬೆಂಗಳೂರು.

ಸಾಕ್ಷ್ಯಚಿತ್ರದ ಕಡೆ ಹೊರಳಿದ್ದು ಹಾಗೆ. ಇಲ್ಲಿ ದುಡ್ಡು ಕಡಿಮೆ, ಕಾಗದ ಜಾಸ್ತಿ. ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ, ಅದು ಸರಿ, ಇರಬೇಕಾದದ್ದೇ. ಸಿನಿಮಾ ಆದರೆ ಪ್ರಾಣಿ ಕಂಡರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಬೇಕು. ಮೊದಲು ಚೆನ್ನೈಗೆ ಬರೆಯುತ್ತಿದ್ದೆವು, ಈಗ ಆಫೀಸು ಹರಿಯಾಣದ ಬಲ್ಲಭಗಢದಲ್ಲಿದೆ. ಕೊಡಗಿನ ಒಂದು ಮನೆಯಂಗಳವನ್ನು ನಾಯಿ ಇಲ್ಲದೆ ಫ್ರೇಮ್ ಮಾಡಿ ನೋಡಿ, ಆಗ ಈ ನಿಯಮದ ಬಿಸಿ ಗೊತ್ತಾಗುತ್ತದೆ. ಇಲ್ಲಿನ ನಾಯಿಗಳಿಗೆ ಕ್ಯಾಮೆರಾ ಅಂದರೆ ಎಲ್ಲಿಲ್ಲದ ಪ್ರೀತಿ.

ಕೊಡವ ಭಾಷೆಯ ಸಿನಿಮಾಗಳಿಗೂ ಕೆಲಸ ಮಾಡಿದ್ದೇನೆ. ಅದು ನನ್ನ ಮನೆಮಾತಲ್ಲ, ಆದರೆ ಸಂತೆಯಲ್ಲಿ, ಶಾಲೆಯಲ್ಲಿ ಕಿವಿಗೆ ಬಿದ್ದದ್ದು. ಮೊದಲ ಕೊಡವ ಸಿನಿಮಾ ಬಂದದ್ದು 1972ರಲ್ಲಿ. ಇವತ್ತಿಗೂ ಆ ಭಾಷೆಯ ನಿರ್ಮಾಪಕನ ಲೆಕ್ಕ ಬದಲಾಗಿಲ್ಲ. 2011ರ ಜನಗಣತಿ ಪ್ರಕಾರ ಕೊಡವ ಮಾತಾಡುವವರು ಸುಮಾರು 1.13 ಲಕ್ಷ. ಹತ್ತರಲ್ಲಿ ಒಬ್ಬರು 100 ರೂಪಾಯಿ ಕೊಟ್ಟು ಬಂದರೂ, ಅದೂ ಒಂದು ದೊಡ್ಡ ಆಸೆಯೇ, ಬರುವುದು 11 ಲಕ್ಷ ಚಿಲ್ಲರೆ. ಅದರಲ್ಲಿ ಹಾಲ್ ಬಾಡಿಗೆ ಕಳೆಯಬೇಕು. ಹಾಲ್ ಅಂದರೆ ಥಿಯೇಟರ್ ಅಲ್ಲ. ಪ್ರೊಜೆಕ್ಟರ್, ಪರದೆ, ಸ್ಪೀಕರ್ ಜೀಪಿಗೆ ಹಾಕಿಕೊಂಡು ವಿರಾಜಪೇಟೆ, ಪೊನ್ನಂಪೇಟೆ, ನಾಪೋಕ್ಲು ಅಂತ ಕೊಡವ ಸಮಾಜದ ಹಾಲ್‌ಗಳಲ್ಲಿ ತೋರಿಸುವುದು. ಮದುವೆ ಸೀಸನ್‌ನಲ್ಲಿ ಹಾಲ್ ಸಿಗುವುದಿಲ್ಲ, ಮಳೆಯಲ್ಲಿ ಜನ ಬರುವುದಿಲ್ಲ. ಉಳಿದ ವಾರಗಳು ಎಷ್ಟು ಅಂತ ನೀವೇ ಎಣಿಸಿ. ಸರ್ಕಾರದ ಸಬ್ಸಿಡಿ ಇದೆ, ರಾಷ್ಟ್ರ ಪ್ರಶಸ್ತಿಯಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿಲ್ಲದ ಭಾಷೆಗಳಿಗೂ ಜಾಗ ಇದೆ. ಆ ಭರವಸೆಯ ಮೇಲೆ ಸಾಲ ಮಾಡಿದವರು ಇದ್ದಾರೆ.

ಆದರೂ ನನಗೆ ಅವರ ಬಗ್ಗೆ ಸ್ವಲ್ಪ ಹೊಟ್ಟೆಕಿಚ್ಚು. ಯಾಕೆಂದರೆ ಸಾಲ ಅವರದೇ ಆದರೂ ಸಿನಿಮಾ ಕೂಡ ಅವರದೇ. ಇಪ್ಪತ್ತು ವರ್ಷ ಬಿಟ್ಟು ಯಾರಾದರೂ ಕೇಳಿದರೆ ಹೌದು ಕೊಡುತ್ತೇನೆ ಅನ್ನಬಹುದು. ನನ್ನ ಬಳಿ ಕೇಳಿದವರಿಗೆ ನಾನು ಏನು ಹೇಳಬೇಕು ಅನ್ನುವುದು ಕಳೆದ ಕೆಲವು ವರ್ಷಗಳಿಂದ ತಲೆ ತಿನ್ನುತ್ತಿರುವ ವಿಷಯ.

2018ರ ಆಗಸ್ಟ್ ನಿಮಗೆ ನೆನಪಿರುತ್ತದೆ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಗುಡ್ಡಗಳು ಮನೆ ತೋಟ ರಸ್ತೆ ಎಲ್ಲವನ್ನೂ ಹೊತ್ತುಕೊಂಡು ಜಾರಿದವು. ಆ ವಾರ ನನ್ನ ಫೋನಿಗೆ ಬಿಡುವಿರಲಿಲ್ಲ. ಬೆಂಗಳೂರಿನವರು, ದೆಹಲಿಯವರು, "ವಿಷುವಲ್ಸ್ ಇದೆಯಾ ಸಾರ್, ಕಳಿಸಿ, ಅರ್ಜೆಂಟ್." ದುಡ್ಡಿನ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ, ಅದು ಆ ಮಾತಿಗೆ ಸಮಯವಾಗಿರಲಿಲ್ಲ. ಒಂದು ಚಾನೆಲ್ ನಾನು ಕಳಿಸಿದ್ದರ ಮೇಲೆ ತನ್ನದೇ ಲೋಗೋ ಹಾಕಿಕೊಂಡು "ಎಕ್ಸ್‌ಕ್ಲೂಸಿವ್" ಅಂತ ದಿನವಿಡೀ ಓಡಿಸಿತು. ಅದು ಬಿಡಿ.

ಬಿಡಲಾಗದ್ದು ಇನ್ನೊಂದು. ಆ ಘಟನೆ ಆಗಿ ಎಷ್ಟೋ ಸಮಯದ ಮೇಲೆ ಮಕ್ಕಂದೂರು ಕಡೆಯ ಒಬ್ಬರು ಫೋನ್ ಮಾಡಿದರು. ಅವರ ಮನೆ, ಹಿಂದಿನ ಗುಡ್ಡ, ಏಲಕ್ಕಿ ಒಣಗಿಸುವ ಗೂಡು ಯಾವುದೂ ಈಗಿಲ್ಲ. ಆಲ್ಬಮ್‌ಗಳೂ ಮಣ್ಣಿನಡಿಗೆ ಹೋದವು. ಹಿಂದೆ ಒಂದು ಸ್ಯಾಟಲೈಟ್ ಚಾನೆಲ್ಲಿಗೆ ನಾನು ಮಾಡಿಕೊಟ್ಟ ಅರ್ಧ ಗಂಟೆಯ ಊರೂರು ಸುತ್ತುವ ಕಾರ್ಯಕ್ರಮದಲ್ಲಿ ಅವರ ಮನೆ ಇತ್ತು, ತೀರಿಹೋದ ಅವರ ತಂದೆ ತೋಟದ ಬಗ್ಗೆ ಮಾತಾಡಿದ್ದರು. "ಅದು ಸಿಗಬಹುದಾ?" ಅಂತ ಕೇಳಿದರು.

ಸಿಗಬಹುದು. ಬೀಟಾಕ್ಯಾಮ್ ಟೇಪು ನನ್ನ ಬೀರುವಿನಲ್ಲೇ ಇದೆ. ಪ್ರಸಾರದ ಮಾಸ್ಟರ್ ಚಾನೆಲ್ಲಿಗೆ ಹೋಗಿತ್ತು, ಶೂಟಿಂಗಿನ ಮೂಲ ಟೇಪುಗಳನ್ನು ಅವರು ಕೇಳಲೇ ಇಲ್ಲ, ನಾನು ಬಿಸಾಡಲೂ ಇಲ್ಲ. ನಮ್ಮ ಹವೆಯಲ್ಲಿ ಟೇಪು ಇಟ್ಟುಕೊಳ್ಳುವುದು ಎಳೆ ಮಗು ಸಾಕುವುದಕ್ಕಿಂತ ಕಷ್ಟ. ಜುಲೈ ಬಂದರೆ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಬೀರುವಿನ ಒಳಗೆ 40 ವ್ಯಾಟಿನ ಬಲ್ಬು ಸದಾ ಉರಿಸುತ್ತೇನೆ, ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ, ಕರೆಂಟು ಹೋದ ದಿನಗಳಲ್ಲಿ ದೇವರ ಮೇಲೆ ಭಾರ ಹಾಕುತ್ತೇನೆ. ಆದರೂ ಕೆಲವಕ್ಕೆ ಬಿಳಿ ಪುಡಿ ಹತ್ತಿದೆ. ಬೂಷ್ಟು ಹಿಡಿದ ಟೇಪು ಹಾಕಿದರೆ ಡೆಕ್ಕಿನ ಹೆಡ್ ಹಾಳಾಗುತ್ತದೆ, ಆ ಹೆಡ್ ಈಗ ಸಿಗುವುದಿಲ್ಲ, ಹಾಗಾಗಿ ಬೆಂಗಳೂರಿನಲ್ಲಿ ಡಿಜಿಟೈಸ್ ಮಾಡುವವರು ಮೊದಲು ಕೇಳುವುದೇ "ಯಾವ ಊರಿನ ಟೇಪು ಸಾರ್?" ಅಂತ. ಕೊಡಗು ಅಂದರೆ ಸಾಕು, ಮೊದಲು ಬೇರೆ ಮಾಡಿಟ್ಟು ಶುಚಿ ಮಾಡಿಸಬೇಕು, ಅದಕ್ಕೆ ರೇಟು ಬೇರೆ.

ಆ ಟೇಪಿಗೆ ಏನೂ ಆಗಿರಲಿಲ್ಲ. ಶುಚಿ ಮಾಡಿಸಿ, ಫೈಲು ಮಾಡಿಸಿದೆ. ಅವರ ತಂದೆ ಕ್ಯಾಮೆರಾ ಆಫ್ ಆಗಿದೆ ಅಂದುಕೊಂಡು ನಮ್ಮ ಸೌಂಡ್ ಹುಡುಗನಿಗೆ ಬೈದದ್ದೂ ಅದರಲ್ಲಿದೆ. ಮನೆಯವರಿಗೆ ಒಂದು ಕಾಪಿ ಕೊಟ್ಟೆ. ಬ್ರಹ್ಮಾಂಡದ ಅಗ್ರಿಮೆಂಟಿನ ಪ್ರಕಾರ ಅದೂ ತಪ್ಪೇ ಇರಬಹುದು, ಯಾರಾದರೂ ಕೇಸು ಹಾಕುವುದಿದ್ದರೆ ಹಾಕಲಿ. ಆದರೆ ನನಗೆ ಇರುವ ಯೋಚನೆ ಅಷ್ಟಕ್ಕೇ ನಿಲ್ಲುವುದಿಲ್ಲ. ಆ ಬೀರುವಿನಲ್ಲಿ ಜಾರಿಹೋದ ಇನ್ನೂ ಎಷ್ಟೋ ಇಳಿಜಾರುಗಳಿವೆ, ಈಗ ರೆಸಾರ್ಟ್ ಆಗಿರುವ ಗದ್ದೆಗಳಿವೆ, ನಾಟಿ ಹಾಡು ಹೇಳುವ ಹೆಂಗಸರಿದ್ದಾರೆ. ಇವನ್ನು ಸೇರಿಸಿ ಒಂದು ಚಿತ್ರ ಮಾಡಬೇಕು. ಮಾಡಿದರೆ ತೋರಿಸಬೇಕು, ತೋರಿಸಿದರೆ ಹಕ್ಕು ಯಾರದು ಅಂತ ಮೊದಲ ಚಿತ್ರೋತ್ಸವದ ಫಾರಮ್ಮಿನಲ್ಲೇ ಕೇಳುತ್ತಾರೆ.

ಈಗ ನನ್ನ ಹತ್ತಿರ ಸಲಹೆ ಕೇಳಲು ಬರುವ ಹುಡುಗರು ಕ್ಯಾಮೆರಾ ಯಾವುದು ಕೊಳ್ಳಲಿ ಅಂತ ಕೇಳುತ್ತಾರೆ. ಹೋಮ್‌ಸ್ಟೇ ವಿಡಿಯೋ, ಮದುವೆ, ಕೊಡವ ಕುಟುಂಬಗಳ ಹಾಕಿ ಹಬ್ಬದ ಯೂಟ್ಯೂಬ್ ಪ್ರಸಾರ, ಕೈತುಂಬ ಕೆಲಸ ಇದೆ ಅವರಿಗೆ, ನಮಗಿಂತ ಚೆನ್ನಾಗಿಯೂ ಮಾಡುತ್ತಾರೆ. ನಾನು ಕೇಳುವುದು ಒಂದೇ: ಆ ಹಾಕಿ ಪ್ರಸಾರದ ಫೂಟೇಜು ಯಾರ ಹೆಸರಿನಲ್ಲಿದೆ ಅಂತ ಬರಹದಲ್ಲಿ ಇದೆಯಾ? ಮುಖ ಮುಖ ನೋಡುತ್ತಾರೆ. ಒಬ್ಬಳು ಹುಡುಗಿ ಮಾತ್ರ ಕಳೆದ ಸಲ ಬಂದಾಗ ಮೊಬೈಲಿನಲ್ಲಿ ಅಗ್ರಿಮೆಂಟು ತೆಗೆದು ತೋರಿಸಿದಳು. ಆ ವರ್ಷದ ಪ್ರಸಾರಕ್ಕೆ ಮಾತ್ರ, ಮೂಲ ಫೂಟೇಜು ತನ್ನದು ಅಂತ ಅವಳೇ ಎರಡು ಸಾಲು ಸೇರಿಸಿದ್ದಳು. ಅವಳಿಗೆ ಕಾಫಿ ಕೊಟ್ಟೆ, ಬೇರೆ ಏನೂ ಹೇಳುವುದಿರಲಿಲ್ಲ.

ನನ್ನ ಟೇಪುಗಳ ವಿಷಯಕ್ಕೆ ಆ ಚಾನೆಲ್ಲಿಗೆ ಪತ್ರ ಬರೆದಿದ್ದೆ. ನನಗೆ ಗೊತ್ತಿದ್ದವರು ಅಲ್ಲಿ ಯಾರೂ ಉಳಿದಿಲ್ಲ. ಬಹಳ ದಿನ ಕಾದ ಮೇಲೆ ಲೀಗಲ್ ವಿಭಾಗದಿಂದ ಒಂದು ಮೇಲ್ ಬಂತು, ತುಂಬಾ ಮರ್ಯಾದೆಯಿಂದ ಬರೆದಿದ್ದರು. ಅಂಥ ಕಾರ್ಯಕ್ರಮ ತಮ್ಮ ಲೈಬ್ರರಿಯಲ್ಲಿ ಹುಡುಕಿದರೂ ಸಿಗಲಿಲ್ಲವಂತೆ. ಆದರೂ ಹಕ್ಕು ತಮ್ಮದೇ. ಬಳಸಬೇಕೆಂದರೆ ನಿಮಿಷಕ್ಕೆ ಇಷ್ಟು ಅಂತ ಲೈಸೆನ್ಸ್ ಫೀ ಕಟ್ಟಬಹುದು, ಜಿಎಸ್‌ಟಿ ಪ್ರತ್ಯೇಕ. ಟೇಪು ನನ್ನ ಬಳಿ ಇದ್ದರೆ ಅದರ ಒಂದು ಒಳ್ಳೆಯ ಕಾಪಿಯನ್ನು ತಮಗೂ ಕಳಿಸಿಕೊಡಿ ಅಂತ ಕೊನೆಯಲ್ಲಿ ಕೇಳಿದ್ದಾರೆ. ನಾನು ನನ್ನ ಡಿಜಿಟೈಸಿಂಗ್ ರೇಟ್ ಕಾರ್ಡ್ ಕಳಿಸಿದ್ದೇನೆ, ನಿಮಿಷದ ಲೆಕ್ಕದಲ್ಲೇ. ಇನ್ನೂ ಉತ್ತರ ಬಂದಿಲ್ಲ.